ತುಟಿಗೂ ದನಿಗೂ ಹೊಂದಿಕೆ



ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವನು ಕಲ್ಲಿಗೆ ಬಡಿದುದನ್ನು ಕಣ್ಣು ಕಂಡ ಬಳಿಕವೇ ಅದರ ಸದ್ದು ಕಿವಿಯನ್ನು ಮುಟ್ಟುವುದು. ಶಬ್ದವು ಬೆಳಕಿಗಿಂತ ಮಂದಗಾಮಿ. ಆದುದರಿಂದಲೇ ಇರಬೇಕು, ತುಸು ತಡವಾಗಿ ಬರುವ ಧ್ವನಿಗೆ ನಾವು ಒಗ್ಗಿಹೋಗಿದ್ದೇವೆ, ನೋಟಕ್ಕಿಂತ ಮುಂಚಿತವಾಗಿ ಬರುವ ಧ್ವನಿಯನ್ನಾದರೋ ಸಹಿಸಲಾರೆವು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನ ಮೇರೆಗೆ, ಧ್ವನಿಯು ಸುಮಾರು 45 ಮಿಲಿಸೆಕೆಂಡು ಮುಂದಾದರೆ ಪ್ರೇಕ್ಷಕನಿಗೆ ಗೋಚರಿಸುತ್ತದೆ. ಹಿಂದಾದರೆ ಸುಮಾರು 125ರ ತನಕ ಗಮನಕ್ಕೆ ಬಾರದು. ಸೆಕೆಂಡಿಗೆ 25 ಫ್ರೇಮುಗಳ ಚಿತ್ರದಲ್ಲಿ ಒಂದು ಫ್ರೇಮಿನ ಅವಧಿಯೇ 40 ಮಿಲಿಸೆಕೆಂಡು ಎಂಬುದನ್ನು ನೆನೆದರೆ, ಈ ಕೆಲಸದ ಸೂಕ್ಷ್ಮತೆ ವಿದಿತವಾದೀತು.

ವಿಡಿಯೋ ಸಂಕಲನಕ್ಕೆ ಕುಳಿತಾಗ ಹೊಂದಿಕೆ ತಪ್ಪಿದುದು ಕಂಡೊಡನೆಯೇ ಧ್ವನಿಯನ್ನು ಅತ್ತಿತ್ತ ಎಳೆದಾಡುವುದು ಉಚಿತವಲ್ಲ. ಮೊದಲು ಆರಂಭದಲ್ಲೊಮ್ಮೆ, ಅಂತ್ಯದಲ್ಲೊಮ್ಮೆ ಅಂತರವನ್ನು ಅಳೆದು, ಅದು ಸ್ಥಿರವಾದುದೋ ವರ್ಧಿಸುವಂಥದೋ ಎಂಬುದನ್ನು ನಿಶ್ಚಯಿಸತಕ್ಕದ್ದು. ಪರಿಹಾರವೆಲ್ಲ ಈ ನಿಶ್ಚಯವನ್ನೇ ಅವಲಂಬಿಸಿದೆ.

ಅಂತರವು ಸ್ಥಿರವಾಗಿದ್ದರೆ ಕೆಲಸ ಸುಲಭ: ಟೈಮ್‌ಲೈನಿನಲ್ಲಿ ಆಡಿಯೋವನ್ನು ವಿಡಿಯೋದಿಂದ ಬಿಡಿಸಿ, ಚಿತ್ರೀಕರಣದ ಆರಂಭದಲ್ಲಿ ತಟ್ಟುವ ಕ್ಲಾಪ್ ಹಲಗೆ ಕೂಡಿದ ಫ್ರೇಮಿಗೆ ಧ್ವನಿರೇಖೆಯಲ್ಲಿ ಚೂಪಾಗಿ ಮೇಲೆದ್ದು ತೋರುವ ಆ ಸದ್ದಿನ ಶಿಖರವನ್ನು ಹೊಂದಿಸಿದರೆ, ಉಳಿದುದೆಲ್ಲ ತಾನಾಗಿ ಕೂಡಿಕೊಳ್ಳುವುದು.

ಮೊದಮೊದಲು ಸರಿಯಾಗಿದ್ದು ಬರಬರುತ್ತ ಹೆಚ್ಚುವ ಅಂತರದ ಸಂಗತಿ ಬೇರೆ; ಅಲ್ಲಿ ಕೆಟ್ಟಿರುವುದು ಗತಿಯಾದುದರಿಂದ, ಎಷ್ಟು ಜರುಗಿಸಿದರೂ ಒಂದು ತುದಿ ಕೂಡಿದಾಗ ಇನ್ನೊಂದು ತುದಿ ಅಗಲುತ್ತದೆ. ಸೆಕೆಂಡಿಗೆ 29.97 ಫ್ರೇಮಿನಂತೆ ತೆಗೆದ ಚಿತ್ರವನ್ನು 30 ಎಂದು ಭಾವಿಸಿ ಓಡಿಸಿದರೆ, ಒಂದು ಗಂಟೆಯಲ್ಲಿ ಅದು ಸುಮಾರು 3.6 ಸೆಕೆಂಡು ಮುಂದೋಡಿರುತ್ತದೆ. ಮೊಬೈಲ್ ಫೋನುಗಳಂತೂ ಬೆಳಕು ಮಂದವಾದಂತೆ ಫ್ರೇಮುಗಳ ಗತಿಯನ್ನು ತಾವೇ ಏರಿಳಿಸುವುದುಂಟು. ಸಮಗತಿಯನ್ನೇ ನಿರೀಕ್ಷಿಸುವ ತಂತ್ರಾಂಶವು ಇದರಿಂದ ದಾರಿ ತಪ್ಪುತ್ತದೆ. ಅಂಥ ಕಡತವನ್ನು ಹ್ಯಾಂಡ್‌ಬ್ರೇಕ್ ಮುಂತಾದ ಉಚಿತ ತಂತ್ರಾಂಶದಲ್ಲಿ ಸಮಗತಿಗೆ ಪರಿವರ್ತಿಸಿಕೊಂಡ ಮೇಲೆಯೇ ಕತ್ತರಿಸಲು ತೊಡಗುವುದು ಕ್ಷೇಮ. ಧ್ವನಿಯನ್ನು ಪ್ರತ್ಯೇಕ ರೆಕಾರ್ಡರಿನಲ್ಲಿ ಹಿಡಿದಿದ್ದರೆ, ಎರಡು ಯಂತ್ರಗಳ ಗಡಿಯಾರಗಳು ಸರ್ವಥಾ ಒಂದೇ ವೇಗದಲ್ಲಿ ನಡೆಯವಾದುದರಿಂದ, ಸ್ವರದ ಸ್ಥಾಯಿ ಕೆಡದಂತೆ ಧ್ವನಿಯ ಉದ್ದವನ್ನು ಅತ್ಯಲ್ಪ ಪ್ರಮಾಣದಲ್ಲಿ ಹಿಗ್ಗಿಸಬೇಕು, ಇಲ್ಲವೇ ಕುಗ್ಗಿಸಬೇಕು.

ದೋಷವು ಕಡತದಲ್ಲಿಲ್ಲದೆ, ನಿಸ್ತಂತು ಹೆಡ್‌ಫೋನಿನ ವಿಳಂಬದಲ್ಲಿಯೋ ಕಂಪ್ಯೂಟರಿನ ಆಯಾಸದಲ್ಲಿಯೋ ಇರುವುದೂ ಉಂಟು. ಆದ್ದರಿಂದ ಚಿಕ್ಕದೊಂದು ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ, ತಂತಿಯ ಹೆಡ್‌ಫೋನಿನಲ್ಲಿ ಕೇಳಿ ನೋಡುವುದು ವಿವೇಕ. ಇನ್ನು ಚಿತ್ರೀಕರಣದ ಮೊದಲಲ್ಲಷ್ಟೇ ಅಲ್ಲದೆ ಕೊನೆಯಲ್ಲಿಯೂ ಒಮ್ಮೆ ಕ್ಯಾಮೆರಾದ ಮುಂದೆ ಕೈತಟ್ಟಿದ್ದರೆ, ಗತಿ ಎಷ್ಟು ತಪ್ಪಿದೆಯೆಂಬುದನ್ನು ಆ ಎರಡು ಸದ್ದುಗಳೇ ಅಳೆದು ಹೇಳುತ್ತವೆ.