ಕ್ರಿಯಾವರ್ಧಕಗಳ ವಿವೇಕ
(ಚಿಂಚಲಿಯ ಸಭೆಯಲ್ಲಿ ಮಾಡಿದ ಉಪನ್ಯಾಸ)



ಚಿಂಚಲಿಯ ಸುತ್ತಣ ಕಬ್ಬಿನ ಸೀಮೆಯವರಿಗೆ ಕಾಕಂಬಿಯ ಪರಿಚಯ ಹೇಳಬೇಕಾದುದಿಲ್ಲ. ಉಗಾರದ ಸಕ್ಕರೆ ಕಂಪನಿಯು 1939ರಲ್ಲಿ ಸ್ಥಾಪಿತವಾದಂದಿನಿಂದ ಈ ನಾಡು ಅದನ್ನು ಕಂಡಿದೆ. ಸಕ್ಕರೆ ಹರಳುಗಟ್ಟಿದ ಬಳಿಕ ಉಳಿಯುವ ಈ ಕಪ್ಪು ಪಾಕಕ್ಕೆ ನೀರೆರೆದು, ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು ಕೂಡಿಸಿದರೆ ಅದರೊಳಗಣ ಸಕ್ಕರೆಯು ಮದ್ಯಸಾರವಾಗುವುದು. ಅಲ್ಲಿ ದೊಡ್ಡ ಉರಿಯಿಲ್ಲ, ತೀಕ್ಷ್ಣ ಆಮ್ಲವಿಲ್ಲ. ಲೆಕ್ಕದಂತೆ 180 ತೂಕ ಗ್ಲೂಕೋಸಿನಿಂದ 92 ತೂಕ ಮದ್ಯಸಾರವೂ 88 ತೂಕ ಇಂಗಾಲಾಮ್ಲ ವಾಯುವೂ ಹುಟ್ಟುವುವು.

ಇದನ್ನು ಎಸಗುವುದು ಜೀವಿಯೋ, ಅದರೊಳಗಿನ ವಸ್ತುವೋ ಎಂಬ ವಾದವು ಬಹುಕಾಲ ನಡೆಯಿತು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರರು ಯೀಸ್ಟನ್ನು ಅರೆದು ಹಿಂಡಿ, ಜೀವಕೋಶವಿಲ್ಲದ ಆ ರಸವೇ ಸಕ್ಕರೆಯನ್ನು ಮಾರ್ಪಡಿಸುವುದೆಂದು ತೋರಿಸಿದರು. ರಸದೊಳಗಿನ ಕಿಣ್ವಗಳು ತಾವು ವ್ಯಯವಾಗದೆ ಕಾರ್ಯವನ್ನು ನಡೆಯಿಸುವ ಕ್ರಿಯಾವರ್ಧಕಗಳು.

ಆದರೆ ಕ್ರಿಯಾವರ್ಧಕಕ್ಕೆ ವೇಗವೊಂದೇ ಹಿರಿಮೆಯಲ್ಲ; ಬೇಕಾದುದನ್ನು ಮಾತ್ರವೇ ಮಾಡುವ ವಿವೇಕವು ಅದಕ್ಕಿಂತ ಹಿರಿದು. ಅಥಣಿಯ ಚಪ್ಪಲಿಯ ಜೋಡಿಯನ್ನು ನೋಡಿರಿ. ಚರ್ಮವೊಂದೇ, ಹೊಲಿಗೆಯೊಂದೇ, ಆದರೂ ಎಡದ್ದು ಬಲಗಾಲಿಗೆ ಹೊಂದದು. ಅಣುಗಳಲ್ಲಿಯೂ ಇಂತಹ ಎಡರೂಪ ಬಲರೂಪಗಳುಂಟು. ಸಾಮಾನ್ಯ ರಸಾಯನ ವಿಧಾನದಲ್ಲಿ ಎರಡೂ ಸಮನಾಗಿ ಹುಟ್ಟುವುವು. ಶರೀರವಾದರೋ ಒಂದನ್ನೇ ಒಪ್ಪುವುದು.

ನಮ್ಮ ಬೇಲಿಗಳಲ್ಲಿ ಬೆಳೆಯುವ ನಸುಗುನ್ನಿಯು ವೈದ್ಯರ ಆತ್ಮಗುಪ್ತವೇ ಆಗಿದೆ. 1937ರಲ್ಲಿ ದಾಮೋದರನ್, ರಾಮಸ್ವಾಮಿ ಎಂಬ ಭಾರತೀಯ ವಿದ್ವಾಂಸರು ಅದರ ಬೀಜದಿಂದ ಡೋಪ ಎಂಬ ವಸ್ತುವಿನ ಎಡರೂಪವನ್ನು ಬೇರ್ಪಡಿಸಿದರು. ಮುಂದೆ ಅದು ಕೈಕಾಲು ನಡುಗಿ ಬಿಗಿಯುವ ಪಾರ್ಕಿನ್ಸನ್ ವ್ಯಾಧಿಗೆ ಮುಖ್ಯ ಔಷಧವಾಯಿತು. ಅದರ ಬಲರೂಪದಿಂದ ರೋಗಿಗೆ ಗುಣವಿಲ್ಲ, ಕೇಡೇ ಉಂಟು. 1970ರ ದಶಕದಲ್ಲಿ ಅಮೆರಿಕದ ವಿಲಿಯಮ್ ನೋಲ್ಸರು ರೋಡಿಯಂ ಲೋಹದ ಕ್ರಿಯಾವರ್ಧಕದಿಂದ ನೂರಕ್ಕೆ 97ಕ್ಕೂ ಮಿಗಿಲಾಗಿ ಎಡರೂಪವನ್ನೇ ಪಡೆಯುವ ಮಾರ್ಗವನ್ನು ಕಾರ್ಖಾನೆಗೆ ತಂದರು. 2001ರ ನೊಬೆಲ್ ಪಾರಿತೋಷಕವು ಅವರಿಗೂ ಸಂದಿತು.

ರೋಡಿಯಮಾದರೋ ದುರ್ಲಭವಾದ ಲೋಹ. 2000ದಲ್ಲಿ ಬೆಂಜಮಿನ್ ಲಿಸ್ಟರೂ ಅವರ ಸಂಗಡಿಗರೂ ಲೋಹವೇ ಇಲ್ಲದೆ, ಪ್ರೋಲೀನ್ ಎಂಬ ಸಾಮಾನ್ಯ ಅಮೈನೋ ಆಮ್ಲದಿಂದಲೇ ಇಂತಹ ಆಯ್ಕೆಯ ಕಾರ್ಯವನ್ನು ಸಾಧಿಸಿದರು. ಇದೇ ಬಗೆಯ ಸಾಧನೆಗಾಗಿ ಅವರಿಗೂ ಡೇವಿಡ್ ಮ್ಯಾಕ್‌ಮಿಲನ್ನರಿಗೂ 2021ರಲ್ಲಿ ಅದೇ ಪಾರಿತೋಷಕವು ದೊರೆಯಿತು.

ಬೇಡವಾದುದನ್ನು ಹುಟ್ಟಿಸಿದರೆ ಅದು ಎಲ್ಲಿಗೆ ಹೋಗಬೇಕು? ನೆಲಕ್ಕೆ, ನದಿಗೆ, ಇಲ್ಲವೆ ರೋಗಿಯ ಒಡಲಿಗೆ. ಆದುದರಿಂದ ಹುಟ್ಟಿದ ಮೇಲೆ ಶೋಧಿಸುವುದಕ್ಕಿಂತ ಹುಟ್ಟದಂತೆ ಮಾಡುವುದೇ ಲೇಸು. ಕಾಕಂಬಿಯ ತೊಟ್ಟಿಯಲ್ಲಿ ಅಲ್ಪಜೀವಿಯಾದ ಯೀಸ್ಟ್ ಈ ಪಾಠವನ್ನು ದಿನವೂ ಹೇಳುತ್ತಿದೆ. ಈ ಸೀಮೆಯ ಮಕ್ಕಳು ಅದನ್ನು ಓದಿ ತಿಳಿಯಲಿ.