ಆರಾಧನಾಮಂದಿರ ಮತ್ತು ಶಾಸನ



ಬಸದಿಯ ಆಯುಷ್ಯವು ಅದರ ಶಿಲೆಯಲ್ಲಿ ಮಾತ್ರವಲ್ಲ, ಶಾಸನದಲ್ಲಿಯೂ ಅಡಗಿದೆ. ಇದಕ್ಕೆ ದೂರದೇಶದ ನಿದರ್ಶನವೊಂದುಂಟು. ಸಿರಿಯಾದ ಯೂಫ್ರಟೀಸ್ ನದೀತೀರದ ದುರಾ-ಯೂರೋಪಸ್ ಎಂಬ ಹಾಳೂರಿನಲ್ಲಿ ಯಹೂದ್ಯರ ಪ್ರಾಚೀನ ಪ್ರಾರ್ಥನಾಮಂದಿರವು 1932ರಲ್ಲಿ ಉತ್ಖನನದಿಂದ ಬೆಳಕಿಗೆ ಬಂದಿತು. ಅಲ್ಲಿ ಗರ್ಭಗೃಹವಿಲ್ಲ, ವಿಗ್ರಹವಿಲ್ಲ. ಆಯತಾಕಾರದ ಸಭಾಂಗಣ, ಸುತ್ತಲೂ ಗೋಡೆಗೆ ಹೊಂದಿದ ಜಗಲಿ. ಜೆರೂಸಲೇಮಿನ ದಿಕ್ಕಿಗಿರುವ ಪಶ್ಚಿಮದ ಗೋಡೆಯಲ್ಲಿ ಧರ್ಮಗ್ರಂಥಕ್ಕಾಗಿ ಗೂಡು. ಗೋಡೆಗಳ ತುಂಬ ಧರ್ಮಕಥೆಗಳ ವರ್ಣಚಿತ್ರ. ಸುಮಾರು 256ರಲ್ಲಿ, ಶತ್ರುಗಳ ಮುತ್ತಿಗೆಯ ಕಾಲಕ್ಕೆ, ಕೋಟೆಗೋಡೆಯನ್ನು ಬಲಪಡಿಸಲು ಸುರಿದ ಮಣ್ಣೇ ಆ ಚಿತ್ರಗಳನ್ನು ಕಾಪಾಡಿತು. ಛಾವಣಿಯ ಹೆಂಚಿನ ಮೇಲೆ ಸಮುದಾಯದ ಹಿರಿಯನಾದ ಸಾಮ್ಯುಯೆಲನ ಹೆಸರೂ ನಿರ್ಮಾಣದ ವರ್ಷವೂ ಇವೆ: ಅಲ್ಲಿಯ ಶಕೆಯಂತೆ 556, ಅಂದರೆ ಕ್ರಿ.ಶ. 244-45.

ಐಹೊಳೆಯ ಮೇಗುತಿ ಜಿನಾಲಯದ ಪೂರ್ವದ ಗೋಡೆಯಲ್ಲಿ ರವಿಕೀರ್ತಿಯು ಕೆತ್ತಿಸಿದ ವರ್ಷವೂ 556ವೇ. ಆದರೆ ಅದು ಶಕವರ್ಷ, ಕ್ರಿ.ಶ. 634. ಎರಡು ಮಂದಿರಗಳಲ್ಲಿಯೂ ಪೂಜೆ-ಪ್ರಾರ್ಥನೆಗಳು ನಿಂತುಹೋದವು. ಕಟ್ಟಿಸಿದವರ ಹೆಸರು ಮಾತ್ರ ಅಳಿಯಲಿಲ್ಲ. ಈ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯೇ ಅಲ್ಲವೇ, ದೇವಾನಾಂಪ್ರಿಯನು ಅಶೋಕನೆಂದು 1915ರಲ್ಲಿ ಲೋಕಕ್ಕೆ ತಿಳಿಸಿದುದು?

ಶಾಸನವಿಲ್ಲದ ಬಸದಿಯನ್ನು ಕಟ್ಟಿಸಿದವರಾರೆಂದು ಹೇಳಬಲ್ಲವರಿಲ್ಲ. ಆದುದರಿಂದ ಪ್ರತಿಷ್ಠೆಯ ತಿಥಿ, ಸಂವತ್ಸರ, ದಾನಿಗಳ ಹೆಸರುಗಳೊಡನೆ ಕಲ್ಲು ಕಡೆದ ಶಿಲ್ಪಿಯ ಹೆಸರೂ ನೂತನ ಬಸದಿಯ ಗೋಡೆಯಲ್ಲಿ ನೆಲೆಗೊಳ್ಳಲಿ.