ಆವರಣದ ಗೋಡೆಯೂ ಪಿಕಳಾರವೂ
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಹಗಲಿಡೀ ಗಲ್ಲೆಯಲ್ಲಿ, ಒಲೆಯ ಮುಂದೆ ನಿಂತು ಬಂದವರಿಗೂ, ಗಿರಣಿಗಳಲ್ಲಿ ದುಡಿದು ಈಗ ನಿವೃತ್ತರಾಗಿರುವ ಹಿರಿಯರಿಗೂ ಹಕ್ಕಿಗಳ ಮಾತು ಏಕೆ ಎಂದು ಕೆಲವರು ಕೇಳಬಹುದು. ಸಂಬಳದ ಮಾತು, ಖೋಲಿಯ ಮಾತು ಇರುವಾಗ ಇದೇನು ಶ್ರೀಮಂತರ ಹವ್ಯಾಸ ಎನ್ನಬಹುದು. ಆದರೆ ಇದರಲ್ಲಿ ನಮ್ಮ ದುಡಿಮೆಯ ಹಣವೂ ಸೇರಿದೆ, ಆದ್ದರಿಂದ ಹೇಳಲೇಬೇಕಾಗಿದೆ.

ದಕ್ಷಿಣ ಕನ್ನಡ, ಉಡುಪಿಯ ಕಡೆಯವರಾದ ನಮ್ಮಲ್ಲಿ ಬಹುಮಂದಿಯ ಮನೆಯ ಸುತ್ತ ಹಿಂದೆ ಇದ್ದುದು ಹಸಿರು ಬೇಲಿ. ಕೇಪಳ, ನೆಕ್ಕರೆ, ಕರಂಡೆ, ಲೆಕ್ಕಿ. ಹೆಚ್ಚಿನವು ತಾವಾಗಿ ಬೆಳೆದವು, ಅವಕ್ಕೆ ನೀರೆರೆದವರಿಲ್ಲ. ಮುಂಬಯಿಯಿಂದ ನಾವು ಕಳಿಸಿದ ಹಣ ಮನೆಗೆ ತಲುಪಿತು. ಹುಲ್ಲಿನ ಮಾಡು ಹೋಗಿ ಹೆಂಚು ಬಂತು, ಹೆಂಚು ಹೋಗಿ ತಾರಸಿ ಬಂತು. ಅದು ಬೇಕಾದದ್ದೇ. ಅದರ ಬೆನ್ನಿಗೇ ಬೇಲಿಯನ್ನು ಕಿತ್ತು ಕೆಂಪುಕಲ್ಲಿನ ಆವರಣ ಕಟ್ಟಿಸಿದೆವು, ಗೇಟು ಇಡಿಸಿದೆವು, ಗೇಟಿನ ಎರಡು ಬದಿಗೂ ಕ್ರೋಟನ್, ಬೋಗನ್‌ವಿಲ್ಲಾ ನೆಟ್ಟೆವು. ಮುಂದಿನ ರಜೆಯಲ್ಲಿ ಹೋಗಿ ಜಗಲಿಯಲ್ಲಿ ಕುಳಿತಾಗ ಏನೋ ಕಡಿಮೆಯಾಗಿದೆ ಎನ್ನಿಸಿತು. ಪಿಕಳಾರದ ಕೂಗು ಇಲ್ಲ. ಕಡಿಸಿದವರು ನಾವೇ, ಬೇರೆ ಯಾರನ್ನು ದೂರೋಣ?

ಕ್ರೋಟನ್ ಆಗ್ನೇಯ ಏಷ್ಯದ ದ್ವೀಪಗಳ ಕಡೆಯದು, ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು. ಕಣ್ಣಿಗೇನೋ ಚೆಂದ, ಹಕ್ಕಿ ತಿನ್ನುವ ಹಣ್ಣಿಲ್ಲ. ಅಷ್ಟೇ ಅಲ್ಲ. ಹಣ್ಣು ತಿನ್ನುವ ಪಿಕಳಾರವೂ ಮಧು ಹೀರುವ ಸೂರಕ್ಕಿಯೂ ಮರಿಗಳಿಗೆ ಹುಳುಗಳನ್ನು ಹಿಡಿದು ತರುತ್ತವೆ. ಎಲೆ ತಿನ್ನುವ ಹುಳುಗಳಲ್ಲಿ ಎಷ್ಟೋ ಜಾತಿಯವು ತಮಗೆ ತಲೆತಲಾಂತರದಿಂದ ಪರಿಚಯವಿರುವ ಗಿಡಗಳನ್ನೇ ಹುಡುಕಿ ಹೋಗುತ್ತವೆ. ಒಂದು ಎಲೆಯೂ ತೂತಾಗಿಲ್ಲವೆಂದು ನಾವು ಹೆಮ್ಮೆಪಡುತ್ತೇವೆ. ಗೂಡಿನ ಮರಿಗೆ ಅದು ಖಾಲಿ ತಟ್ಟೆ. ಹಾಗೆಂದು ಹಣ್ಣು ಬಿಟ್ಟರೆ ಸಾಕು ಎಂದೂ ತಿಳಿಯಬಾರದು. ಅಮೆರಿಕದಿಂದ ಅಲಂಕಾರಕ್ಕೆಂದು ಬಂದ ಲಾಂಟಾನದ ಹಣ್ಣನ್ನು ಹಕ್ಕಿಗಳು ತಿಂದು ಬೀಜ ಹರಡಿದ್ದರಿಂದಲೇ ಎಷ್ಟೋ ಗುಡ್ಡಗಳು ಅದರಡಿ ಮುಚ್ಚಿಹೋಗಿವೆ.

ಹೋಟೆಲಿನವರಾದ ನಮಗೆ ಹತ್ತಿರದ ಗಿಡ ಕರಿಬೇವು. ಒಗ್ಗರಣೆಗೆಂದು ಅದನ್ನು ದಿನವೂ ಮುರಿಯುತ್ತೇವೆ, ಆದ್ದರಿಂದ ಅದು ಹೂವು ಹಣ್ಣು ಬಿಡುವುದನ್ನು ಕಂಡವರೇ ಕಡಿಮೆ! ಒಂದು ಗಿಡವನ್ನು ಮುರಿಯದೆ ಬಿಟ್ಟು ನೋಡಿರಿ. ಬಿಳಿ ಹೂವಿನ ಗೊಂಚಲು ಬಂದು, ಹಣ್ಣು ಕೆಂಪಾಗಿ ಕಪ್ಪಾಗುತ್ತದೆ. ಕೋಗಿಲೆ, ಪಿಕಳಾರ ತಿನ್ನಲು ಬರುತ್ತವೆ. ಅದರ ಎಲೆಯಲ್ಲಿ ಚಿಟ್ಟೆ ಮೊಟ್ಟೆಯಿಡುತ್ತದೆ. ಹುಳವಾದಾಗ ಸಿಂಪಿಗ ಹಕ್ಕಿ ಹೆಕ್ಕಿಕೊಂಡು ಹೋಗುತ್ತದೆ. ಔಷಧ ಸಿಂಪಡಿಸಿದರೆ ಎಲ್ಲವೂ ಮುಗಿಯಿತು. ಬೀಜವನ್ನು ತಿರುಳು ತೊಳೆದು ಕೂಡಲೇ ಬಿತ್ತಬೇಕು, ಒಣಗಿಸಿಟ್ಟರೆ ಹುಟ್ಟುವುದಿಲ್ಲ.

ಕರಂಡೆಯೆಂದರೆ ಬೇಸಗೆಯಲ್ಲಿ ಇಲ್ಲಿ ಆದಿವಾಸಿ ಹೆಂಗಸರು ಎಲೆಯ ದೊನ್ನೆಯಲ್ಲಿ ಮಾರುವ ಕರವಂದವೇ. ಮುಳ್ಳಿನ ಪೊದೆಯಾದ್ದರಿಂದ ಗೂಡಿಗೆ ಬೆಕ್ಕಿನ ಭಯ ಕಡಿಮೆ. ನೆಕ್ಕರೆಯ ಹಣ್ಣು ತಿಂದು ನಾಲಿಗೆ ನೇರಳೆ ಮಾಡಿಕೊಂಡು ಶಾಲೆಗೆ ಹೋದವರು ಈ ಸಭೆಯಲ್ಲಿ ಎಷ್ಟೋ ಮಂದಿ ಇದ್ದೀರಿ. ಹಕ್ಕಿಗಳಿಗೂ ಅದು ಅಷ್ಟೇ ಪ್ರಿಯ. ಕೇಪಳವನ್ನು ಮಾತ್ರ ನರ್ಸರಿಯ ಕುಳ್ಳ ಜಾತಿಯದು ಬೇಡ, ಗುಡ್ಡದ ಕೇಪಳವೇ ಇರಲಿ.

ಗೋಡೆ ಕೆಡವಿರೆಂದು ನಾವು ಹೇಳುವುದಿಲ್ಲ. ಕಷ್ಟದಿಂದ ಕಟ್ಟಿದ ಗೋಡೆ ಇರಲಿ. ಅದರ ಒಳಬದಿಯಲ್ಲಿ ನಾಲ್ಕು ಅಡಿ ಜಾಗ ಬಿಟ್ಟರೆ ಸಾಕು. ತೊಡಕು ಒಂದಿದೆ: ನಮಗೆ ರಜೆ ಸಿಗುವುದು ಮೇ ತಿಂಗಳಲ್ಲಿ, ಗಿಡ ನೆಡಬೇಕಾದದ್ದು ಜೂನ್ ಮಳೆಗೆ, ಅಷ್ಟರಲ್ಲಿ ನಾವು ಇಲ್ಲಿ ಗಲ್ಲೆಗೆ ಮರಳಿರುತ್ತೇವೆ. ಆದುದರಿಂದ ಹೋದಾಗ ಹೊಂಡ ತೋಡಿ, ತರಗೆಲೆ ಗೊಬ್ಬರ ತುಂಬಿ, ಯಾವ ಹೊಂಡಕ್ಕೆ ಯಾವ ಗಿಡವೆಂದು ಮನೆಯವರಿಗೆ ತೋರಿಸಿ ಬರೋಣ. ಮಳೆಗಾಲದ ನಾಲ್ಕು ತಿಂಗಳು ನೀರಿನ ಚಿಂತೆಯಿಲ್ಲ. ಮೊದಲ ಬೇಸಗೆಗೆ ಮಾತ್ರ ಬಚ್ಚಲ ನೀರನ್ನಾದರೂ ತಿರುಗಿಸಬೇಕು. ಮತ್ತೆ, ಹಬ್ಬಕ್ಕೆಂದು ಅದನ್ನು ಕತ್ತರಿಸಿ ಚೌಕ ಮಾಡಕೂಡದು. ಕತ್ತರಿ ಬಿದ್ದ ತುದಿಯಲ್ಲೇ ಹೂವು ಹಣ್ಣು ಆಗಬೇಕಾದದ್ದು.

ಚಾಳಿನಲ್ಲೇ ಇರುವವರು ಗ್ಯಾಲರಿಯ ಡಬ್ಬದಲ್ಲಿ ಒಂದು ಕೇಪಳವಿಡಬಹುದು, ಮುಂಬಯಿಯಲ್ಲಿಯೂ ಸೂರಕ್ಕಿಗಳಿವೆ. ಕರಂಡೆಯನ್ನು ಮಾತ್ರ ಮಕ್ಕಳು ಓಡಾಡುವ ಗೇಟಿನ ಬಳಿ ನೆಡಬೇಡಿರಿ, ಮುಳ್ಳು ಚೂಪು.